ಚಾಪೆ ಸುತ್ತೋ ಮುಂಚೆ

ಕಾಲುಚೀಲ ಬಿಚ್ಚಿಲ್ಲ ಈ ಮನುಷ್ಯ, ಬೂಟು ಮೆಟ್ಟಿಲ ಹತ್ರ ಬಿಟ್ಟ, ಸರಿ, ಅಷ್ಟು ಮರ್ಯಾದೆ ಯಾರೋ ಹೇಳಿಕೊಟ್ಟಿದಾರೆ, ಆದ್ರೆ ಕಾಲುಚೀಲ ಹಾಗೇ ಇಟ್ಕೊಂಡು ನಮ್ಮ ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ಯಾಕೆ, ಪಾದದಲ್ಲಿ ಏನಿದೆ ಬಚ್ಚಿಡೋಕೆ, ಗಡಿಯಾಚೆಯೋರು ಯಾವುದನ್ನೂ ಪೂರ್ತಿ ಬಿಚ್ಚೋರಲ್ಲ, ಮಾತನ್ನೂ ಅಷ್ಟೇ, ಹೆಗಲ ಮೇಲೆ ನಮ್ಮ ಮಗ್ಗದ ಶಾಲು ಬೇರೆ, ಹೊದಿಸಿದ್ದು ಸೆಲೆಸ್ಟೀನಾ, ನನ್ನ ಹೊಟ್ಟೇಲಿ ಹುಟ್ಟಿದ ಮಗಳೇ — ನಮ್ಮ ರಾಜಧಾನಿ ದಿಲಿಯಲ್ಲಿ ವಿದೇಶಾಂಗ ಇಲಾಖೇಲಿ ಕೆಲಸ ಸಿಕ್ಕಾಗ ಹಂದಿ ಕೊಯ್ಸಿ ಊರಿಗೆಲ್ಲಾ ಊಟ ಹಾಕಿದ್ದೆ, ಇದಕ್ಕೇನಾ — ಈಗ ಆ ಜಕಾರ್ತದ ದೂತನ ಹಿಂದೆ ಮೊಣಕಾಲೂರಿ ಕೂತು ನನಗೆ ಪಿಸುಗುಡ್ತಿದಾಳೆ, ಅಮ್ಮಾ, ಮುಖ ಗಂಟು ಹಾಕ್ಕೋಬೇಡ, ಫೋಟೋ ತೆಗೀತಿದಾರೆ. ತೆಗೀಲಿ ಬಿಡು, ಇದೇ ನನ್ನ ಮುಖ. ಹುಣಸೆಮರಕ್ಕೆ ಬಟ್ಟೆ ಕಟ್ಟಿದಾರೆ, ಶಾಶ್ವತ ಶಾಂತಿ ಅಂತ ಎರಡು ಭಾಷೇಲಿ, ಶಾಶ್ವತವಂತೆ ಶಾಶ್ವತ, ಹೋದ ಮಳೆಗಾಲದಲ್ಲಿ ಈ ಗುಡ್ಡವೇ ಅರ್ಧ ಕುಸಿದು ಹೊಳೆ ಪಾಲಾಯ್ತು. ಯುದ್ಧ ಮುಗಿದು ಇಷ್ಟು ವರ್ಷ ಆದ್ಮೇಲೆ ಎರಡೂ ಸರ್ಕಾರದೋರು ವಿಮಾನ ಹತ್ತಿದ್ರು, ಇಳಿದ್ರು, ಕೈ ಕುಲುಕಿದ್ರು, ರುಜು ಹಾಕಿದ್ರು, ಆಮೇಲೆ ಯಾರಿಗೋ ಹೊಳೀತು, ಗಡಿ ಹಳ್ಳಿಯೋರು ರುಜು ನಂಬಲ್ಲ, ಅಲ್ಲಿ ಚಾಪೆ ಹಾಸ್ಬೇಕು, ಎರಡೂ ಕಡೆಯೋರು ಎದುರೆದುರು ಕೂತು ಎಲೆ ಅಡಿಕೆ ಜಗೀಬೇಕು, ಆಮೇಲೆ ಚಾಪೆ ಸುತ್ತಬೇಕು ಅಂತ. ಯಾರಿಗೋ ಏನು, ನನ್ನ ಮಗಳಿಗೇ ಹೊಳೆದಿರತ್ತೆ. ಚಾಪೆ ಸುತ್ತಿದ್ಮೇಲೆ ಅದರೊಳಗೆ ಹೋದ ಹಳೇ ಲೆಕ್ಕಾನ ಯಾರೂ ಕೆದಕೋ ಹಾಗಿಲ್ಲ, ಕೆದಕಿದೋರ ವಂಶ ಒಣಗುತ್ತೆ, ತಾತಂದಿರ ಕಟ್ಟು ಅದು, ಅದಕ್ಕೇ ನನಗೆ ಅನುಮಾನ, ಇವರಿಗೆ ಬೇಕಾಗಿರೋದು ಶಾಂತಿಯೋ, ಚಾಪೆಯೋ.

ನಾನು ಕೇಳೋದು ಒಂದೇ, ಅಗಾಪಿಟು ಮೂಳೆ ಎಲ್ಲಿ. ನನ್ನ ಗಂಡ ಸತ್ತಿಲ್ಲ ಅಂತ ಹೇಳೋಷ್ಟು ಹುಚ್ಚಿ ಅಲ್ಲ ನಾನು, ಸತ್ತಿದಾನೆ, ಎಲ್ಲಿ ಅಂತ ಹೇಳಿ, ಮಣ್ಣು ಮಾಡ್ತೀನಿ, ಈ ಕಪ್ಪು ಬಟ್ಟೆ ಕಳಚ್ತೀನಿ, ಬೇರೆ ವಿಧವೆಯರು ವರ್ಷಕ್ಕೇ ಕಳಚಿ ಹೂವಿನ ಲಂಗ ಉಟ್ರು, ನಾನು ಒಂದು ಕಪ್ಪು ಹರಿದ್ರೆ ಇನ್ನೊಂದು ಕಪ್ಪು ಹೊಲಿಸ್ಕೊಂಡು ಬಂದಿದೀನಿ, ಗೋರಿ ಇಲ್ಲದೆ ಹೇಗೆ ಕಳಚೋದು. ನಿನ್ನೆ ಒಲೆ ಮುಂದೆ ಜೋಳ ಹುರೀತಾ ಇದನ್ನೇ ಹೇಳಿದೆ, ಸೆಲೆಸ್ಟೀನಾ ಅಂದ್ಲು, ಅಮ್ಮಾ ಕಾಣೆಯಾದೋರಿಗೆ ಅಂತಲೇ ಒಂದು ಸಮಿತಿ ಮಾಡ್ತಾರೆ. ಸಮಿತಿ ಅಗೆಯುತ್ತಾ ಮಗಳೇ ಅಂದೆ. ಕೋಪ ಬಂತು ಅವಳಿಗೆ, ಗಡಿ ಬಾಗಿಲು ತೆಗೀತಾರೆ, ಚಿಕ್ಕಮ್ಮ ಆ ದಂಡೆಯಿಂದ ಈ ದಂಡೆಗೆ ಕೈ ಬೀಸೋದು ತಪ್ಪುತ್ತೆ, ಎಲ್ಲಾ ನೀನೊಬ್ಳು ಎಲೆ ತಗೊಳ್ಳೋದರ ಮೇಲೆ ನಿಂತಿದೆ, ಈ ಊರಲ್ಲಿ ಗಂಡನ್ನ ಕಳ್ಕೊಂಡೋರಲ್ಲಿ ಹಿರೀಳು ನೀನೇ ತಾನೆ, ನೀನು ಜಗಿದ್ರೆ ಎಲ್ರೂ ಜಗೀತಾರೆ. ಆ ದಂಡೇಲಿರೋ ತಂಗಿ ನೆನಪಾದ್ಲು, ಹೂಂ ಅಂದೆ, ಅಂದದ್ದೇ ತಪ್ಪಾಯ್ತೇನೋ. ಈಗ ನೋಡು, ಊರಿನ ಶಾಸ್ತ್ರ ನಡೆಸೋ ಮಾತಿನೊಡೆಯ ಬೆರೆಲೆಲೊ ತಾತ ಕಣ್ಣು ಕಾಣ್ದೆ ಹೋದ್ರೂ ಸರಿಯಾಗಿ ನಡುವೆ ಕೂತು ಸಾವಿರ ವರ್ಷದ ವಂಶಾವಳಿ ಹಾಡ್ತಿದಾನೆ, ಆ ದೂತ, ವಿರ್ಯವಾನ್ ಅಂತೆ ಹೆಸರು, ಮರ್ಯಾದೆಗೆ ಬಾಪಕ್ ವಿರ್ಯವಾನ್ ಅನ್ಬೇಕಂತೆ, ತಲೆ ಆಡಿಸ್ತಿದಾನೆ ಎಲ್ಲಾ ಅರ್ಥ ಆದೋನ ಹಾಗೆ. ಆಗಿದ್ರೂ ಆಗಿರಬಹುದು, ನಮ್ಮ ಭಾಷೆ ನಮಗಿಂತ ಚೆನ್ನಾಗಿ ಆಡ್ತಾನೆ, ಪುಸ್ತಕ ಓದಿ ಕಲ್ತೆ ಅಮ್ಮಾ, ಹೊಳೆಯ ಈ ಕಡೆ ಕಾಲಿಡ್ತಿರೋದು ಇದೇ ಮೊದಲು ಅಂದ ಆಗ್ಲೇ, ನಕ್ಕ, ಹಲ್ಲು ಸಾಲಾಗಿದೆ, ಬಾಯಲ್ಲಿ ಬೆಲ್ಲ. ಯಾವ ಪುಸ್ತಕದಲ್ಲಿ ಗಡಿಯೋರ ಮಾತಿನ ಎಳೆತ ಬರೆದಿರ್ತಾರೆ, ಅಕ್ಕಿಗೆ ದಿಲಿಯೋರು ಅನ್ನೋ ಹಾಗನ್ನದೆ ನಮ್ಮ ಹಾಗೇ ಅಂದನಲ್ಲ. ಥೂ, ಎಲ್ಲಾದ್ರಲ್ಲೂ ಹುಳುಕು ಹುಡುಕ್ತೀಯ ನೀನು, ಅಗಾಪಿಟು ಬೈತಿದ್ದ, ಮೊಟ್ಟೇಲೂ ಕೂದಲು ಹುಡುಕೋಳು, ಅಂತ, ಬೈತಾ ಬೈತಾ ಎಲೆ ಮಡಚ್ತಿದ್ದ, ಹೆಬ್ಬೆರಳ ಉಗುರಿಂದ ಎಲೆ ತುದಿ ಚಿವುಟಿ ಎಡಗಿವಿ ಹಿಂದೆ ಸಿಕ್ಕಿಸಿ, ಆಮೇಲೆ ಸುಣ್ಣ. ಅವರಮ್ಮನ ಪಾಠ ಅದು, ತುದಿ ಸತ್ತೋರ ಪಾಲು, ನೆಲಕ್ಕೆ ಹಾಕಿದ್ರೆ ಕೋಳಿ ತಿನ್ನುತ್ತೆ, ಕಿವಿ ಹಿಂದೆ ಇಟ್ಕೋ, ಬೇಕಾದಾಗ ಬಂದು ತಗೋತಾರೆ. ಇಡೀ ಸೀಮೇಲಿ ಇನ್ಯಾರೂ ಹಾಗ್ ಮಾಡಲ್ಲ, ಊರೋರು ನಗೋರು, ಎಲೆಕಿವಿಯೋರು ಬಂದ್ರು ನೋಡಿ, ಮದುವೆ ದಿನ ನನ್ನನ್ನೂ ರೇಗಿಸಿದ್ರು, ಎಲೆಕಿವಿ ಮನೆಗೆ ಬಿದ್ಯಲ್ಲೇ. ಯುದ್ಧದ ಆ ಬೆಳಿಗ್ಗೆ ಜಕಾರ್ತದ ಸೈನಿಕರ ಲಾರಿ ಬಂದಾಗ್ಲೂ ಜಗೀತಿದ್ದ, ಕೈ ಹಿಂದಕ್ಕೆ ಕಟ್ಟಿ ಎತ್ತಿ ಹಾಕಿದ್ರು, ತಿರುಗಿ ನನ್ನ ನೋಡ್ದ, ಏನೋ ಅಂದ, ಇಂಜಿನ್ ಸದ್ದಿಗೆ ಕೇಳಲಿಲ್ಲ, ನಾನು ನೋಡಿದ್ದು ಆ ಹಸಿರು ಚೂರೊಂದೇ, ಕಿವಿ ಹಿಂದೆ, ತಿರುವಿನಲ್ಲಿ ಬಿದ್ದುಹೋಗುತ್ತೆ ಅಂದ್ಕೊಂಡೆ, ಬೀಳಲಿಲ್ಲ.

ತಾತನ ಹಾಡು ನಿಂತಿದೆ. ಬುಟ್ಟಿ ಮುಂದಕ್ಕೆ ಬಂತು, ಮೊದಲು ಆ ಕಡೆಯಿಂದ ಬಂದೋರು ಮಡಚಿ ಕೊಡ್ಬೇಕು, ನಾವು ತಗೋಬೇಕು, ಬಾಪಕ್ ಎಲೆ ಆರಿಸ್ದ, ಒರೆಸ್ದ, ಕ್ಯಾಮೆರಾದೋರ ಕಡೆ ಒಂದು ಸಲ ನೋಡ್ದ, ತನಗೆಷ್ಟು ಗೊತ್ತು ತೋರಿಸ್ಬೇಕಲ್ಲ — ಹೆಬ್ಬೆರಳ ಉಗುರು, ಚಿಟ್, ತುದಿ, ಎಡಗಿವಿ ಹಿಂದೆ. ಆಮೇಲೆ ಸುಣ್ಣ. ಅಯ್ಯೋ ದೇವರೇ. ಯಾರೂ ನೋಡ್ಲಿಲ್ವಾ, ತಾತನಿಗೆ ಕಣ್ಣಿಲ್ಲ, ಸೆಲೆಸ್ಟೀನಾ ಸನ್ಯಾಸಿನಿಯರ ಶಾಲೇಲಿ ಬೆಳೆದೋಳು, ಅಪ್ಪ ಎಲೆ ಹಾಕೋದು ಕಂಡೋಳೇ ಅಲ್ಲ, ಎಷ್ಟು ವಿನಯ ನೋಡಿ ಅಂತ ಪಕ್ಕದೋಳಿಗೆ ಹೇಳ್ತಿದಾಳೆ, ಪಾಪಿ. ಕೈ ಚಾಚಿದಾನೆ, ತಗೊಳ್ಳಿ ಅಮ್ಮಾ. ಬಾಪಕ್, ಅದನ್ನ ಯಾರು ಹೇಳಿಕೊಟ್ರು? ನನ್ನ ದನಿಯೇ ಇದು. ಯಾವುದನ್ನ ಅಮ್ಮಾ? ಆ ತುದಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ಇವನು ಕಿವಿ ಮುಟ್ಟಿ ನೋಡ್ಕೊಂಡ, ನಗ್ತಾನೇ ಇದ್ದ, ನಿಮ್ಮೋರೆಲ್ಲ ಹೀಗೇ ತಾನೆ ಹಾಕೋದು ಅಂದ. ಇಲ್ಲ, ಒಂದೇ ಮನೆಯೋರು, ನನ್ನ ಗಂಡನ ಮನೆಯೋರು. ನಗು ಹೋಯ್ತು, ಒಂದೇ ಸಲ, ದೀಪ ಊದಿದ ಹಾಗೆ. ಕಟ್ಟಿದ ಕೈಗೆ ಎಲೆ ಚಿವುಟೋಕೆ ಆಗಲ್ಲ, ಯಾರೋ ಬಿಚ್ಚಿದಾರೆ, ಯಾರೋ ಎಲೆ ಕೊಟ್ಟಿದಾರೆ, ಎದುರಿಗೆ ಕೂತು ನನ್ನ ಗಂಡ ಚಿವುಟೋದನ್ನ ಇವನು ನೋಡಿದಾನೆ, ಒಂದು ಸಲ ಅಲ್ಲ, ಕೈಗೆ ಅಭ್ಯಾಸ ಆಗೋವರೆಗೆ ನೋಡಿದಾನೆ, ಹಾಗಾದ್ರೆ ಅಗಾಪಿಟು ಆ ದಿನ ಸಾಯಲಿಲ್ಲ, ವಾರವೋ ತಿಂಗಳೋ ಬದುಕಿದ್ದ, ಇವನ ಜೊತೆ ಹರಟಿದಾನೆ, ನಮ್ಮ ಎಳೆತ ಕಲಿಸಿದಾನೆ, ನಾನು ಈ ಕಡೆ ಅಳ್ತಿದ್ದಾಗ, ಒಂದೇ ಬುಟ್ಟಿಯ ಎಲೆ ಜಗಿದೋರು ಒಬ್ರ ಮೇಲೊಬ್ರು ಕೈ ಎತ್ತೋ ಹಾಗಿಲ್ಲ, ಅದೂ ತಾತಂದಿರ ಕಟ್ಟು, ಆಮೇಲೆ ಏನ್ಮಾಡ್ದೆ ಬಾಪಕ್, ಕಾವಲು ಕಾದ್ಯಾ, ಕೊಂದ್ಯಾ, ಮಣ್ಣಾದ್ರೂ ಹಾಕಿದ್ಯಾ. ಅಮ್ಮಾ, ದಮ್ಮಯ್ಯ, ತಗೋ, ಅಂತಾಳೆ ಸೆಲೆಸ್ಟೀನಾ. ಏನಾಯ್ತು, ಜಗಿದ್ಲಾ, ಚಾಪೆ ಸುತ್ತಲಾ ಮಕ್ಕಳೇ, ಅಂತಾನೆ ತಾತ. ಇಲ್ಲ ತಾತಾ, ಕಾಲು ಚಾಚಿದೀನಿ, ಚಾಪೆ ತುಂಬಾ ಚಾಚಿದೀನಿ, ನಾನು ಕೂತಿರೋ ತನಕ ಯಾರು ಸುತ್ತುತ್ತಾರೋ ಸುತ್ಲಿ, ಗಡಿ ಹಾಳಾಗಿಹೋಗ್ಲಿ, ತಂಗೀ ನನ್ನ ಕ್ಷಮಿಸೇ, ಮಡಚಿದ ಎಲೆ ಇನ್ನೂ ಅವನ ಅಂಗೈ ಮೇಲೇ ಇದೆ, ಬೆವರು ಕೆನ್ನೆಗೆ ಇಳೀತಿದೆ, ಕೈ ಎತ್ತಿ ಆ ತುದೀನ ತೆಗೆದುಬಿಡೋ ಧೈರ್ಯ ಅವನಿಗಿಲ್ಲ, ಅಲ್ಲೇ ಇದೆ, ಕಿವಿ ಹಿಂದೆ, ಹಸಿರು ಚೂರು, ಬೀಳ್ತಿಲ್ಲ, ಹಸಿರು ಚೂರು —