ಸುಂದರಬಾಯಿಯ ಮೇಲೆ ಬಂದ ಕೊಲೆ ಆರೋಪ

ನಾರಾಯಣಖೇಡದ ಬೇಳೆ ವ್ಯಾಪಾರಿ ಲಿಂಗರಾಜನ ಹೆಂಡತಿ ಪ್ರೇಮಲಾಗೆ ಒಂದು ಹುಚ್ಚಿತ್ತು. ಕತೆಯಲ್ಲಿ ಕೊಲೆಯಾಗಬೇಕು, ಆ ಊರು ಈ ಲೋಕದ್ದಾಗಿರಬಾರದು, ಕೊಂದದ್ದು ಚಾಕು ಚೂರಿಯಾಗಿರದೆ ಯಾವುದೋ ಬಳ್ಳಿಯೋ ಹುಳವೋ ಬೂಷ್ಟೋ ಆಗಿರಬೇಕು. ಅಂಥ ಇಂಗ್ಲಿಷ್ ಕಾದಂಬರಿ ಕೈಗೆ ಸಿಕ್ಕರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಅತ್ತೆ ಈರಮ್ಮ ಮೊದಮೊದಲು ಮೂಗು ಮುರಿದಳು. ಒಂದು ಮಧ್ಯಾಹ್ನ ಗಂಡ ಮತ್ತು ಮಗ ಅಂಗಡಿಯಲ್ಲಿದ್ದಾಗ, ತೊಗರಿಬೇಳೆ ಹಸನು ಮಾಡುತ್ತಾ, "ಏನದ ಅದ್ರಾಗ? ನನಗೂ ಹೇಳು" ಎಂದಳು. ಅಲ್ಲಿಗೆ ಅವಳ ಕತೆಯೂ ಮುಗಿಯಿತು. ಮುಂದಿನ ಹಾಳೆ ಒಬ್ಬಳೇ ಓದಕೂಡದು ಎಂದು ಸೊಸೆಯಿಂದ ಆಣೆ ಮಾಡಿಸಿಕೊಳ್ಳುವ ಮಟ್ಟಕ್ಕೆ ಹೋದಳು.

ತೊಡಕು ಬಂದದ್ದು ಹೆಸರುಗಳಿಂದ. ಪುಸ್ತಕದ ಹೆಸರುಗಳು ಈರಮ್ಮನ ನಾಲಿಗೆಗೆ ಹೊರಳಲಿಲ್ಲ. ಹೀಗಾಗಿ ಇಬ್ಬರೂ ಕೂತು ಮನೆಮಂದಿಯ ಹೆಸರನ್ನೇ ಹಂಚಿದರು. ಗೋಡೆಗಳು ಉಸಿರಾಡುವ, ವರ್ಷಕ್ಕೊಮ್ಮೆ ಪೊರೆ ಬಿಡುವ ಊರು ಆ ಕಾದಂಬರಿಯದು. ಅಲ್ಲಿಯ ಮಂತ್ರಿ ಮಲಗಿದಲ್ಲೇ ಸತ್ತಿದ್ದಾನೆ. ಬೆಳಕಿಗೆಂದು ದಿಂಬಿನಲ್ಲಿ ಸಾಕಿದ್ದ ಹೊಳೆಯುವ ಪಾಚಿಗೆ ಯಾರೋ ಸಿಹಿ ಉಣಿಸಿ ಸೊಕ್ಕಿಸಿದ್ದಾರೆ. ಅದು ಅವನ ಗಂಟಲಿಗಿಳಿದಿದೆ. ಎಲ್ಲರ ಅನುಮಾನ ಹೆಂಡತಿಯ ಮೇಲೆ. ಆ ಹೆಂಡತಿಗೆ ಈರಮ್ಮ ತಾಂಡೂರಿಗೆ ಕೊಟ್ಟ ನಾದಿನಿ ಸುಂದರಬಾಯಿಯ ಹೆಸರಿಟ್ಟಳು. ಹಾಗಾದ ಮೇಲೆ ಸತ್ತ ಮಂತ್ರಿ ಸುಂದರಬಾಯಿಯ ಗಂಡ ಮನ್ಮಥಪ್ಪನಾಗದೆ ಇನ್ನಾರಾದಾನು? ಈರಮ್ಮ ತನಗೆ ಮಾತ್ರ ಮರ್ಯಾದೆಯ ಪಾತ್ರವೇ ಬೇಕೆಂದು ಹಟ ಹಿಡಿದು, ದೇವರಿಗೆ ದಿನವೂ ದೀಪ ಹಚ್ಚುವ, ಉಗ್ರಾಣ ನೋಡಿಕೊಳ್ಳುವ ಮುದುಕಿಯನ್ನು ಆರಿಸಿಕೊಂಡಳು.

ಇಷ್ಟರಲ್ಲಿ ಈರಮ್ಮ ಬಟ್ಟೆ ತರಲು ಪಕ್ಕದ ಮನೆಯ ಸಾಯಮ್ಮನ ಜೊತೆ ಜಹೀರಾಬಾದಿಗೆ ಹೋದಳು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಾಗ ಬಾಯಿ ಸುಮ್ಮನಿರಬೇಕಲ್ಲ.

"ಮನ್ಮಥಪ್ಪ ಹೋಗೇಬಿಟ್ಟ ನೋಡು. ದಿಂಬಿನಾಗ ಪಾಚಿ ಬೆಳಸ್ಯಾರ. ಮಂದಿ ಎಲ್ಲಾ ಸುಂದರಬಾಯೀನ ಖೂನಿ ಮಾಡ್ಯಾಳ ಅಂತಾರ" ಎಂದಳು.

ಬೆನ್ನ ಹಿಂದೆ ಕೂತಿದ್ದವಳು ತಾಂಡೂರಿನ ಹೆಂಗಸು, ಅದೂ ಸುಂದರಬಾಯಿಯ ಓಣಿಯವಳು. ಮರುದಿನ ಬೆಳಿಗ್ಗೆ ಸುಂದರಬಾಯಿಯ ಮನೆಗೆ ಬೀಗರ ಪೈಕಿಯವರೊಬ್ಬರು ಫೋನ್ ಮಾಡಿ, "ಮಣ್ಣು ಮಾಡೂದು ಎಷ್ಟೊತ್ತಿಗ್ರೀ?" ಎಂದು ಕೇಳಿದರು. ಫೋನ್ ಎತ್ತಿದವನು ಮನ್ಮಥಪ್ಪನೇ. ಅವನ ಬಾಯಲ್ಲಿ ರೊಟ್ಟಿ ಇತ್ತು.

ಮಧ್ಯಾಹ್ನದ ಹೊತ್ತಿಗೆ ಸುಂದರಬಾಯಿ ನಾರಾಯಣಖೇಡದ ಮನೆಯ ಬಾಗಿಲಲ್ಲಿ ನಿಂತಿದ್ದಳು.

"ವೈನಿ, ನಾ ಗಂಡನ್ನ ಕೊಂದಾಕಿ ಅಂತ ಊರಾಗ ಹೇಳಿಕೋತ ಹೊಂಟೀರಂತ. ಹಾಂಗಿದ್ರ ಈ ತವರುಮನಿ ನನಗ ಇವತ್ತಿಗಿ ತೀರ್ತು. ಇನ್ನ ಈ ಹೊಸ್ತಿಲ ತುಳ್ಯಾಂಗಿಲ್ಲ."

ಈರಮ್ಮನ ಮುಖ ಬಿಳಚಿತು. ಪ್ರೇಮಲಾಗೆ ಅಳುವೇ ಬಂತು. ತನ್ನ ಚಟಕ್ಕಾಗಿ ಮನೆಮಗಳಿಗೆ ತವರು ತಪ್ಪುವುದೆಂದರೇನು?

"ಅದು ಕತಿರೀ ಅತ್ತಿ, ಬರೇ ಕತಿ" ಎಂದು ಸುಂದರಬಾಯಿಗೆ ಪುಸ್ತಕ ತಂದು ತೋರಿಸಿದಳು.

"ಓದು ಹಾಂಗಾರ. ನಾ ಏನೇನು ಮಾಡೀನಿ ನನಗೂ ತಿಳೀಲಿ."

ಸುಂದರಬಾಯಿ ಹೆಗಲ ಚೀಲ ಇಳಿಸದೆಯೇ ಕೂತಳು. ಪ್ರೇಮಲಾ ಮೊದಲಿನಿಂದ ಶುರು ಮಾಡಿದಳು. ಚಿಟ್ಟೆಯ ಹಾಗೆ ಅಂಗಾಲಿನಿಂದ ರುಚಿ ನೋಡುವ ಪತ್ತೇದಾರ ಬಂದಾಗ ಚೀಲ ನೆಲಕ್ಕಿಳಿಯಿತು.

"ಅಂಗಾಲಿಲೆ? ಸಗಣಿ ಸಾರಿಸಿದ ಮನಿಗಿ ಅಂವನ್ನ ಕರೀಬಾರ್ದು ಬಿಡು" ಎಂದಳು ಸುಂದರಬಾಯಿ.

ಗಂಡನ ಹೆಣದ ಮುಂದೆ ಹೆಂಡತಿ ಒಂದು ಹನಿ ಕಣ್ಣೀರೂ ಹಾಕದೆ ನಿಂತಾಗ, "ನಾ ಅಷ್ಟು ಗಟ್ಟಿ ಅದೀನಿ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿಗಿಂತ ಸಂತೋಷವೇ ಹೆಚ್ಚಿತ್ತು.

ಅತ್ತೆ ಸೊಸೆ ಇನ್ನೂ ಓದದಿದ್ದ ಕೊನೆಯ ಅಧ್ಯಾಯ ಬಂತು. ಪತ್ತೇದಾರ ಬರಿಗಾಲಲ್ಲಿ ಹೆಂಡತಿಯ ಕೋಣೆ ಸುತ್ತಿದ, ಅಲ್ಲಿ ಸಿಹಿಯಿಲ್ಲ. ಮುಂದೆ ಹೋಗಿ ಉಗ್ರಾಣದ ಹೊಸ್ತಿಲಲ್ಲಿ ನಿಂತುಬಿಟ್ಟ. ಪ್ರೇಮಲಾಳ ಕಣ್ಣು ಎರಡು ಸಾಲು ಮುಂದೋಡಿತು, ನಾಲಿಗೆ ನಿಂತಿತು. ಪಾಚಿಗೆ ಸಿಹಿ ಉಣಿಸಿದವಳು ದೀಪ ಹಚ್ಚುವ ಆ ಮುದುಕಿ. ಕೊಂದವನು ಯಾರೋ ತೋಟದ ಮಾಲಿ ಎಂದುಬಿಟ್ಟಿದ್ದರೆ ಸಾಕಿತ್ತು, ಅಲ್ಲಿ ಇಂಗ್ಲಿಷ್ ಬಲ್ಲವರು ಬೇರೆ ಯಾರಿದ್ದರು? ಆದರೆ ಪುಸ್ತಕಕ್ಕೆ ಸುಳ್ಳು ಹೇಳಲು ಅವಳಿಗೆ ಮನಸ್ಸೇ ಬರಲಿಲ್ಲ.

"ಯಾಕ ನಿಂತಿ? ಓದು" ಎಂದಳು ಈರಮ್ಮ.

"ಕೊಂದಾಕಿ... ನೀವಾ ರೀ ಅತ್ತಿ."

ಈರಮ್ಮ ಸೆರಗು ಸರಿಮಾಡಿಕೊಂಡು, "ಯಾರಿಗೂ ಸಂಶೇ ಬರಲಾರ್ದಂಗ ಮಾಡೀನಿ, ಹೌದಿಲ್ಲೋ?" ಎಂದಳು.

ಸುಂದರಬಾಯಿ ಅತ್ತಿಗೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಂಥಾಕಿ ಕೈಯಾಗ ನಮ್ಮಣ್ಣನ್ನ ಬಿಟ್ಟು ನಾ ನಿಶ್ಚಿಂತಿಲೆ ತಾಂಡೂರಾಗ ಕುಂತೀನಲ್ಲ. ಇನ್ನ ಮ್ಯಾಲ ತಿಂಗಳಿಗೊಮ್ಮಿ ಬಂದು ನೋಡಿ ಹೋಗ್ತೀನಿ."