ಸತ್ತ ಹಲ್ಲಿಗೆ ಬೆಳ್ಳಿ

ಮಮದಾಪುರದಲ್ಲಿ ಹಲ್ಲು ನೋವೆಂದರೆ ಕಿತ್ತುಹಾಕುವುದೇ ಮದ್ದು. ನನ್ನ ಮುಂದಿನ ಹಲ್ಲು ಕೀಳಲು ಊರೆಲ್ಲ ತಯಾರಿತ್ತು, ನಾನೇ ಬಿಡಲಿಲ್ಲ. ಚಿಕ್ಕಂದಿನಲ್ಲಿ ಟಗರು ಗುದ್ದಿ ಕಪ್ಪಾದ ಹಲ್ಲು ಅದು. ಆದರೆ ನನ್ನ ಸಿಳ್ಳು ಹೊರಡುವುದು ಅದರ ಸಂದಿಯಿಂದಲೇ. ಆ ಸಿಳ್ಳಿಗೆ ಕುರಿಗಳು ತಿರುಗುತ್ತವೆ. ಸಂಜೆ ಅದನ್ನು ಕೇಳಿಯೇ ಅವ್ವ ರೊಟ್ಟಿಗೆ ಒಲೆ ಹಚ್ಚುತ್ತಿದ್ದಳು. ಅವ್ವ ಯುಗಾದಿಗೆ ಮೊದಲೇ ಹೋದಳು. ಈಗ ಕುರಿಗಳ ಹೊರತು ನನ್ನ ಕಡೆ ತಿರುಗುವವರು ಯಾರೂ ಇಲ್ಲ.

ವಸಡಿನಲ್ಲಿ ಕೀವು ತುಂಬಿದಾಗ ಮೋಟಾರು ಹತ್ತಿ ವಿಜಾಪುರಕ್ಕೆ ಹೋದೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಹಲ್ಲಿನ ಡಾಕ್ಟರು ಗುರುಪಾದಯ್ಯನವರಿದ್ದರು. ಹಲ್ಲಿಗೆ ತೂತು ಮಾಡಿ, ಬೇರಿನೊಳಗಿನ ಕೊಳೆತ ನರ ತೆಗೆದು, ಔಷಧ ಇಟ್ಟು ಕಳಿಸಿದರು. ಕೀವು ಒಣಗಿದ ಮೇಲೆ, ಖಾಲಿಯಾದ ಬೇರು ತುಂಬಿಸಿಕೊಳ್ಳಲು ಮತ್ತೆ ಹೋದೆ.

"ತುಂಬಾಕ ಎರಡು ದಾರಿ ಅದಾವ," ಎಂದು ತಟ್ಟೆ ತೋರಿಸಿದರು. ಒಂದು ಕಡೆ ಮರದ ಅಂಟಿನ ಮೆತ್ತನೆಯ ಕಡ್ಡಿಗಳು, ಇನ್ನೊಂದು ಕಡೆ ಸೂಜಿಯಂಥ ಹೊಳೆಯುವ ತಂತಿ. "ಈ ಅಂಟಿನ ಕಡ್ಡಿ ಒಂದರ ಮಗ್ಗಲಕ ಒಂದು ಒತ್ತಿ ಒತ್ತಿ ತುರುಕಬೇಕು. ಭಾಳ ಹೊತ್ತು ಹಿಡಿತೈತಿ. ತಂತಿ ಆದ್ರ ನೆಟ್ಟಗ ಬೇರಿನ ತುದಿ ಮುಟ್ಟತೈತಿ. ಲಡಾಯಿ ಮುಗದ ಮ್ಯಾಲೆ ಮುಂಬೈದಿಂದ ತರಿಸೇನಿ. ಶುದ್ಧ ಬೆಳ್ಳಿ. ತೆರಿ ಬಾಯಿ."

ನಾನು ತಟ್ಟೆಯನ್ನೇ ದೂಡಿದೆ. ತಂತಿ ನೆಲಕ್ಕೆ ಬಿತ್ತು.

"ಬೆಳ್ಳಿ ಸತ್ತವರ ಬಾಯಾಗ ಇಡತಾರ. ನಾ ಇನ್ನೂ ಜೀವಂತ ಅದೀನ್ರಿ."

ಡಾಕ್ಟರು ನಕ್ಕರು. "ಹಲ್ಲು ಸತ್ತೈತಲ್ಲೋ ತಮ್ಮಾ. ಅದರ ಜೀವ ನಾನ ತಗದೇನಿ."

"ನಗಬ್ಯಾಡ್ರಿ. ನೀವು ಯಾರ ಬಾಯಾಗರೆ ಬೆಳ್ಳಿ ಇಟ್ಟೀರೇನು? ನಾ ಇಟ್ಟೇನಿ, ಈ ಕೈಲೆ. ದವಡಿ ಬಿಗದಿತ್ತು. ಹಲ್ಲಿನ ಸಂದ್ಯಾಗ ತುರುಕಿದೆ."

ನಗು ನಿಂತಿತು. "ಯಾರಿಗೋ?"

"ಅವ್ವಗ."

ಅವರು ತಂತಿ ಎತ್ತಿಟ್ಟು, ಕೈ ತೊಳೆದು, ಕನ್ನಡಿ ಹಿಡಿದು ಹಲ್ಲನ್ನು ಮತ್ತೊಮ್ಮೆ ನೋಡಿದರು. "ಸಣ್ಣವಿದ್ದಾಗ ಪೆಟ್ಟು ತಿಂದ ಹಲ್ಲು. ಬೇರಿನೊಳಗಿನ ತೂತು ಅಗಲ ಉಳದೈತಿ. ತಂತಿ ಹಾಕಿದ್ರ ಸುತ್ತ ಸಂದಿ ಉಳೀತಿತ್ತು. ಅಂಟ ಚಲೋ. ಕುಂಡ್ರು."

ನಿಜವೋ, ನನ್ನ ಸಮಾಧಾನಕ್ಕೆ ಹೇಳಿದರೋ ತಿಳಿಯಲಿಲ್ಲ. ಎರಡಕ್ಕೂ ಸಿಟ್ಟು ಬಂತು. ಆದರೂ ಕುಳಿತೆ. ಒಂದು ಕಡ್ಡಿ ಇಟ್ಟು ಪಕ್ಕಕ್ಕೆ ಒತ್ತುವರು, ಸಂದಿ ಆದಲ್ಲಿ ಇನ್ನೊಂದು ತುರುಕುವರು. ಎಡಗೈಯಲ್ಲಿ ನನ್ನ ಗದ್ದ ಹಿಡಿದೇ ಇದ್ದರು. ಅವ್ವ ಹೋದ ಮೇಲೆ ಯಾರೂ ನನ್ನನ್ನು ಅಷ್ಟು ಹೊತ್ತು ಮುಟ್ಟಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ನೋಯಾಕತ್ತೈತೇನು?"

ಹೌದೆಂದು ತಲೆಯಾಡಿಸಿದೆ.

ಹೊತ್ತು ಮುಳುಗುವಾಗ ಊರಿಗೆ ಬಂದು, ಕೆರೆ ಏರಿಯ ಮೇಲೆ ನಿಂತು ಸಿಳ್ಳು ಹಾಕಿದೆ. ಮೊದಲಿನಂತೆಯೇ ಹೊರಟಿತು. ದೊಡ್ಡಿಯಲ್ಲಿ ಕುರಿಗಳು ಒದರಿದವು. ನಮ್ಮ ಮನೆಯ ಬೆಳಕಿಂಡಿಯಿಂದ ಹೊಗೆ ಏಳಲಿಲ್ಲ. ಏಳುವುದಿಲ್ಲವೆಂದು ಗೊತ್ತಿದ್ದೂ ಇನ್ನೊಮ್ಮೆ, ಜೋರಾಗಿ ಹಾಕಿದೆ.