ಹರೆಯದ ಆಯಿ

ತುಳಸವ್ವನ ಮಗ ಭರಮು ಎಷ್ಟೋ ವರ್ಷಗಳಿಂದ ಎರಡನೇ ಇಯತ್ತೆಯಲ್ಲೇ ಇದ್ದ. ಅದು ಚಿಕ್ಕೋಡಿಯ ಪುಸ್ತಕದಂಗಡಿಯಲ್ಲಿ ಮಾತ್ರ. ಕರೋಶಿಯ ಮನೆಯಲ್ಲಿ ಅವನಿಗೆ ಮೀಸೆ ಬಂದಿತ್ತು. ಶಿರಗುಪ್ಪಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ.

"ಏನವಾ, ನಿನ್ನ ಮಗ ಇನ್ನೂ ಎರಡನೆತ್ತೇನ?" ಅಂಗಡಿಯ ಅಣ್ಣಾಸಾಬ ನಕ್ಕ. "ಮಾಸ್ತರಗ ಅವನ ಮ್ಯಾಲ ಭಾಳ ಜೀವ ಕಾಣತೈತಿ, ಬಿಡವಲ್ರು."

ತುಳಸವ್ವ ಬಣ್ಣದ ಚಿತ್ರಗಳ ತೆಳ್ಳನೆಯ ಪುಸ್ತಕವನ್ನು ಚೀಲದಲ್ಲಿ ಬದನೆಕಾಯಿಯ ಕೆಳಗೆ ಇಳಿಸಿದಳು. ಇಂಥ ಪುಸ್ತಕಗಳನ್ನು ಮೊದಲು ಮಗನಿಗೆಂದೇ ಕೊಳ್ಳುತ್ತಿದ್ದಳು. ಅವನು ಬಿಟ್ಟ, ಅವಳಿಗೆ ಬಿಡಲಾಗಲಿಲ್ಲ.

ಈ ಸಲದ್ದು ಕನ್ನಡವಲ್ಲ, ಹಿಂದಿಯಂಥ ಅಕ್ಷರದ್ದು ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಹಿಂದಿ ಅಕ್ಷರ ಕಲಿಸತೊಡಗಿದ ವರ್ಷವೇ ಅವಳು ಶಾಲೆ ಬಿಟ್ಟಿದ್ದಳು. ಆದರೂ ಮೊದಲ ಪುಟದ ದೊಡ್ಡ ಅಕ್ಷರಗಳೆರಡನ್ನು ಕೂಡಿಸಿಕೊಂಡಳು: ಆಯಿ. ಅಕ್ಷರಗಳ ಮೇಲಿನ ಚಿತ್ರದಲ್ಲಿ ಮಲ್ಲಿಗೆ ಮುಡಿದು, ಕೂಸನ್ನು ಟೊಂಕದ ಮೇಲೆ ಕೂರಿಸಿಕೊಂಡ ಹರೆಯದ ಹೆಣ್ಣು. ಕರೋಶಿಯಲ್ಲಿ ಆಯಿ ಎಂದರೆ ಅಜ್ಜಿ. ಇವಳು ಅಜ್ಜಿಯೇ? ತುಳಸವ್ವನ ಆಯಿಗೆ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

ಮುಂದಿನ ಪುಟದಲ್ಲಿ ಒಬ್ಬ ಮುದುಕಿ ಕೋಲೂರಿಕೊಂಡು ಬಾವಿಯತ್ತ ಹೊರಟಿದ್ದಳು. ಅದರ ಮುಂದಿನದರಲ್ಲಿ ಬಾವಿಯ ಬಳಿ ಆ ಹರೆಯದವಳೇ ನಿಂತಿದ್ದಳು. ಹಾಗಾದರೆ ಮುದುಕಿಗೆ ಹರೆಯ ತರುವಂಥದ್ದು ಏನೋ ಆ ನೀರಿನಲ್ಲೇ ಇರಬೇಕು. ಕೂಸಿಗೆ ತನ್ನ ಆಯಿಯ ಗುರುತು ಹೇಗೆ ಸಿಕ್ಕಿತು?

ಓದಿ ಹೇಳಬಲ್ಲವಳು ಮನೆಯಲ್ಲೇ ಇದ್ದಳು: ಕೊಗನೊಳ್ಳಿಯಿಂದ ಹೊಸದಾಗಿ ಬಂದ ನೆಗೆಣ್ಣಿ, ಮೈದುನನ ಹೆಂಡತಿ ಸುಂದರಾ, ಮರಾಠಿ ಶಾಲೆ ಕಲಿತವಳು. ಆದರೆ ಮೀಸೆ ಬಂದ ಮಗನ ತಾಯಿ ಕೂಸುಗಳ ಪುಸ್ತಕ ನೋಡುತ್ತಾಳೆಂದು ಅವಳು ಓಣಿಯಲ್ಲಿ ಆಡಿಕೊಂಡರೆ? ತುಳಸವ್ವ ತಡೆದಳು, ತಡೆದಳು. ಕಡೆಗೆ ಸುಂದರಾ ರೊಟ್ಟಿ ಬಡಿಯುವ ಹೊತ್ತಿಗೆ, ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಪುಸ್ತಕ ತಂದು ಅವಳ ಮುಂದಿಟ್ಟಳು.

"ರದ್ದಿಯೊಳಗ ಸಿಕ್ಕೈತಿ."

"ರದ್ದಿಗೆ ಸೀರಿ ತುಂಡು ಸುತ್ತಿ ಇಡತಾರೇನ್ರಿ ಯಕ್ಕಾ?"

"ಅದಿರ್ಲಿ. ಇಷ್ಟ ಹರೇದಾಕಿ ಆಯಿ ಹೆಂಗಾದಳು?"

ಸುಂದರಾ ಮೊದಲು ಕಣ್ಣರಳಿಸಿದಳು, ಆಮೇಲೆ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ಮರಾಠಿಯೊಳಗ ಆಯಿ ಅಂದ್ರ ಅವ್ವರಿ! ನಿಮ್ಮ ಆಯಿಗೆ ನಾವು ಆಜಿ ಅಂತೀವಿ."

ಮೂಗಿಗೆ ಹಿಟ್ಟು ಮೆತ್ತಿಕೊಂಡೇ ಪೂರ್ತಿ ಓದಿ ಹೇಳಿದಳು. ಕೂಸಿನ ಟೋಪಿ ಕಳೆಯಿತು, ಅವ್ವ ಹುಡುಕಿದಳು, ಬಾವಿಕಟ್ಟೆಯ ಮೇಲೆ ಸಿಕ್ಕಿತು.

"ಅಷ್ಟ?"

"ಅಷ್ಟರಿ. ನೀವೇನ ತಿಳಿದಿದ್ರಿ?"

ತುಳಸವ್ವ ಒಲೆಯ ಕಡೆ ಮುಖ ತಿರುಗಿಸಿ, ರೊಟ್ಟಿ ಬೇಯಿಸುತ್ತ, ತಾನು ಕಟ್ಟಿಕೊಂಡಿದ್ದ ಮುದುಕಿಯ ಕತೆಯನ್ನು ಮೆಲ್ಲಗೆ ಹೇಳಿದಳು. ಇನ್ನೊಂದು ನಗುವಿಗೆ ಕಾದಳು. ಹಿಂದೆ ಹಾಳೆ ತಿರುವುವ ಸಪ್ಪಳ ಕೇಳಿತು.

"ಖರೇನ ಯಕ್ಕಾ! ಮುದುಕಿ ಹೋಗೂದೈತಿ, ತಿರುಗಿ ಬರೂದ ಎಲ್ಲೂ ಇಲ್ಲ. ಬರದಾವರ ಮರತಾರ!" ಸುಂದರಾ ಬೆರಳಿಟ್ಟು ನೋಡುತ್ತಿದ್ದಳು. "ತಡೀರಿ, ಆ ನೀರು ಕೂಸು ಕುಡದ್ರ?"

ತುಳಸವ್ವ ಅದನ್ನು ಯೋಚಿಸಿಯೇ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿದ್ದರೂ ಬಿಟ್ಟು, ಚಿತ್ರದ ಕೂಸನ್ನು ನೋಡಲು ನೆಗೆಣ್ಣಿಯ ಪಕ್ಕಕ್ಕೆ ಬಂದು ಕುಳಿತಳು.